ಚಿಕ್ಕ ಓಟಿಜಿಯಲ್ಲಿ ಮಿನಿ ಪಿಜ್ಜಾ: ವರ್ಷಗಟ್ಟಲೆ ಬಳಸಿದ ಮೇಲೆ ಬರೆದದ್ದು

ದೊಡ್ಡ ಪಿಜ್ಜಾ ಮಾಡುವ ಆಸೆಯಿದ್ದರೆ 16 ಲೀಟರಿನ ಓಟಿಜಿ (ಬೇಯಿಸಲು, ಟೋಸ್ಟ್ ಮಾಡಲು, ಗ್ರಿಲ್ ಮಾಡಲು ಬಳಸುವ ಚಿಕ್ಕ ಕರೆಂಟಿನ ಒಲೆ) ಕೊಳ್ಳಬೇಡಿ. ಅಂಗೈ ಅಗಲದ ಮಿನಿ ಪಿಜ್ಜಾ ಸಾಕು ಅನ್ನುವವರು ಕಣ್ಣು ಮುಚ್ಚಿ ಕೊಳ್ಳಬಹುದು. ನಾವು ಇದನ್ನು ತಂದದ್ದು ಕೇಕಿಗೆಂದು. ಈಗ ಮುಕ್ಕಾಲು ಪಾಲು ದುಡಿಯುವುದು ಪಿಜ್ಜಾಕ್ಕೇ.

ಮೇಲಿನ ರಾಡು, ಕೆಳಗಿನ ರಾಡು ಎರಡನ್ನೂ ಬೇರೆ ಬೇರೆಯಾಗಿ ಹಾಕಿಕೊಳ್ಳಬಹುದು; ನನಗೆ ಮುಖ್ಯವಾದ ಗುಣ ಅದೇ. ಮನೆಯ ಪಿಜ್ಜಾ ಕೆಡುವುದು ಸಾಮಾನ್ಯವಾಗಿ ತಳದಲ್ಲಿ. ಮೇಲೆ ಚೀಸ್ ಕೆಂಪಗಾಗಿರುತ್ತದೆ, ಕೆಳಗೆ ಹಿಟ್ಟು ಹಸಿಹಸಿ. ಅದಕ್ಕೇ ಖಾಲಿ ಟ್ರೇಯನ್ನು ಒಳಗಿಟ್ಟು 250 ಡಿಗ್ರಿಗೆ ಕಾಯಿಸುತ್ತೇನೆ. ಕೆಂಪು ದೀಪ ಆರಿತೆಂದು ನಂಬುವಂತಿಲ್ಲ; ಆಗ ಕಾದಿರುವುದು ಒಳಗಿನ ಗಾಳಿ, ಟ್ರೇ ಅಲ್ಲ. ಹದಿನೈದು ನಿಮಿಷ ಬಿಟ್ಟರೆ, ಹಿಟ್ಟಿನ ಬಿಲ್ಲೆ ತಾಗಿದ ಕೂಡಲೇ ಸಣ್ಣಗೆ ಚುರ್ ಅನ್ನುತ್ತದೆ. ಮೊದಲ ಮೂರು ನಿಮಿಷ ಕೆಳಗಿನ ರಾಡು ಮಾತ್ರ, ಆಮೇಲೆ ಎರಡೂ. ಏಳೆಂಟು ನಿಮಿಷಕ್ಕೆ ಅಂಚು ಉಬ್ಬಿ, ಚೀಸಿನ ಮೇಲೆ ಕಂದು ಚುಕ್ಕೆ ಮೂಡುತ್ತದೆ. ಪಿಜ್ಜಾದ ತವರಾದ ಇಟಲಿಯ ನೇಪಲ್ಸ್‌ನ ಸೌದೆ ಒಲೆಗಳಲ್ಲಿ 430 ಡಿಗ್ರಿಗೂ ಮೇಲಿನ ಕಾವಿರುತ್ತದೆ, ಪಿಜ್ಜಾ 60ರಿಂದ 90 ಸೆಕೆಂಡಿಗೆ ಬೇಯುತ್ತದೆ. ಆ ಮೃದುತ್ವವನ್ನು ಈ ಡಬ್ಬಿಯಿಂದ ನಿರೀಕ್ಷಿಸಬೇಡಿ. ಇಲ್ಲಿ ಬರುವುದು ಗರಿಗರಿ ತಳ. ನನಗೆ ಅದೇ ಇಷ್ಟ, ಬಿಡಿ.

200 ಗ್ರಾಂ ಮೈದಾಕ್ಕೆ 130 ಮಿಲಿ ನೀರು, 4 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಹಾಕಿ ನಾದಿ ಉಬ್ಬಲು ಬಿಟ್ಟರೆ ಐದು ಬಿಲ್ಲೆಯಾಗುತ್ತದೆ. ಟ್ರೇಗೆ ಒಮ್ಮೆಗೆ ನಾಲ್ಕೇ ಹಿಡಿಯುತ್ತವೆ, ಐದನೆಯದು ಕಾಯಬೇಕು. ನಿಜವಾದ ಅನುಕೂಲ ಫ್ರೀಜರಿನದು. ಬರೀ ಬಿಲ್ಲೆಗಳನ್ನು ಮೂರು ನಿಮಿಷ ಬೇಯಿಸಿ, ಪೂರ್ತಿ ಆರಿದ ಮೇಲೆ ಕಟ್ಟಿಡುತ್ತೇನೆ. ಬೇಕಾದಾಗ ಹಾಗೇ ತೆಗೆದು ಸಾಸ್ ಸವರಿ ಒಳಗಿಟ್ಟರಾಯಿತು, ಮಂಜು ಕರಗುವವರೆಗೆ ಕಾಯುವ ಗೋಜಿಲ್ಲ.

ಸಾಸ್ ತೆಳುವಾಗಿರಲಿ ಅಂದರೆ ನೀರಾಗಿರಲಿ ಎಂದಲ್ಲ. ಗಟ್ಟಿ ಸಾಸನ್ನೇ ತೆಳ್ಳಗೆ ಸವರಬೇಕು. ಅಣಬೆಯನ್ನು ಮೊದಲೇ ಬಾಣಲೆಯಲ್ಲಿ ಬಾಡಿಸಿ. ತಾಜಾ ಮೊಝರೆಲ್ಲಾವನ್ನು ಬಟ್ಟೆಯ ಮೇಲೆ ಹರಡಿ ನೀರು ಬಸಿಯಿರಿ, ಇಲ್ಲದಿದ್ದರೆ ಪಿಜ್ಜಾದ ನಡುವೆ ಕೆರೆ. ತುರಿದ ಚೀಸಿನ ಪೊಟ್ಟಣಕ್ಕಿಂತ ಗಡ್ಡೆ ತಂದು ತುರಿದರೆ ಚೆನ್ನಾಗಿ ಕರಗುತ್ತದೆ. ಪೊಟ್ಟಣದ್ದಕ್ಕೆ ಅಂಟಿಕೊಳ್ಳದಿರಲೆಂದು ಪಿಷ್ಟವನ್ನೋ ಸೆಲ್ಯುಲೋಸನ್ನೋ ಬೆರೆಸಿರುತ್ತಾರೆ.

ಇನ್ನು ದೂರುಗಳು. ಹಿಂಬದಿ ಹೆಚ್ಚು ಸುಡುತ್ತದೆ, ಅರ್ಧಕ್ಕೆ ಟ್ರೇ ತಿರುಗಿಸದಿದ್ದರೆ ಆ ಕಡೆಯ ಎರಡು ಕರಕಲು. ಗುಂಡಿಯ ಮೇಲಿನ ಅಂಕಿಗಳು ಒರೆಸಿ ಒರೆಸಿ ಅಳಿಸಿಹೋಗಿವೆ, ಈಗ ಅಂದಾಜಿನ ಮೇಲೆ ತಿರುಗಿಸುವುದು. ಬೇರೆ ಥರ್ಮಾಮೀಟರ್ ಇಟ್ಟು ನೋಡಿದರೆ 250ಕ್ಕೆ ಇಟ್ಟಾಗಲೂ ಒಳಗೆ 230ರ ಆಸುಪಾಸು. ಮೈಯೆಲ್ಲ ಕಾಯುತ್ತದೆ, ಗೋಡೆಗೆ ಒತ್ತಿ ಇಡಬೇಡಿ. ಕೆಳಗಿನ ರಾಡಿನ ಮೇಲೆ ಚೀಸ್ ಸುರಿದರೆ ಹೊಗೆ ಗ್ಯಾರಂಟಿ. ಚೂರು ಬೀಳುವ ತಟ್ಟೆಯನ್ನು ಪ್ರತಿ ಸಲ ತೆಗೆದು ತೊಳೆಯುವುದು ಬೇಸರದ ಕೆಲಸವೇ.

ಟೈಮರಿನ ಗಂಟೆ ಒಮ್ಮೊಮ್ಮೆ ಹೊಡೆಯುವುದಿಲ್ಲ, ಹಾಗಾಗಿ ಫೋನಿನಲ್ಲೇ ಅಲಾರಂ ಇಡುತ್ತೇನೆ. ರಾಡುಗಳು ಮಾತ್ರ ಇವತ್ತಿಗೂ ಗಟ್ಟಿಮುಟ್ಟು. 5ಕ್ಕೆ 4 ಕೊಡುತ್ತೇನೆ. ಇನ್ನೊಮ್ಮೆ ಕೊಳ್ಳುವಾಗ ಒಳಗೆ ಫ್ಯಾನ್ ಇರುವ, ಕಪ್ಪು ಟ್ರೇ ಜೊತೆಗೆ ಬರುವ ಮಾದರಿಯನ್ನೇ ಹುಡುಕುತ್ತೇನೆ; ಹೊಳೆಯುವ ಅಲ್ಯೂಮಿನಿಯಂಗಿಂತ ಕಪ್ಪು ಟ್ರೇಯಲ್ಲಿ ತಳ ಬೇಗ ಕೆಂಪಾಗುತ್ತದೆ.