ಎಂಟು ಇಂಜೆಕ್ಷನ್ ಆದ ಮೇಲೆ ಕಣ್ಣಿಗೆ ಓಜುರ್ಡೆಕ್ಸ್: ದಾವಣಗೆರೆಯ ಒಬ್ಬ ಟೈಲರ್ ಅನುಭವ

ಮೂವತ್ತು ವರ್ಷದಿಂದ ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೇನೆ. ಶುಗರ್ ಬಂದು ಹದಿನಾರು ವರ್ಷ. 2024ರ ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆ ಇತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಹಾಗಾಗಿ ಆ ದಿನಗಳಲ್ಲಿ ನಮ್ಮಂಥವರ ಮೆಷಿನ್ ರಾತ್ರಿ ಹನ್ನೊಂದಾದರೂ ನಿಲ್ಲುವುದಿಲ್ಲ. ಆಗಲೇ ಹೊಲಿಗೆ ಡೊಂಕಾಗಿ ಕಾಣತೊಡಗಿತು. ಟೆನ್ಷನ್ ಸರಿಯಿಲ್ಲ ಅಂತ ಎರಡು ಸಲ ಬಾಬಿನ್ ಬಿಚ್ಚಿ ಹಾಕಿದೆ. ಆಮೇಲೆ ಸುಮ್ನೆ ಒಂದು ಸಲ ಎಡಗಣ್ಣು ಮುಚ್ಚಿ ನೋಡಿದೆ. ಗೋಡೆ ಮೇಲಿನ ಇಂಚುಪಟ್ಟಿ ನಡುವಿನಲ್ಲಿ ಬಾಗಿತ್ತು. ಮೆಷಿನ್ ಸರಿಯಾಗೇ ಇತ್ತು. ತೊಂದರೆ ಇದ್ದದ್ದು ನನ್ನ ಬಲಗಣ್ಣಿನಲ್ಲಿ.

ಕಣ್ಣಿನ ಪರದೆಯ ದಪ್ಪ ಅಳೆಯುವ ಓಸಿಟಿ ಸ್ಕ್ಯಾನ್ ಮಾಡಿದರು. ಶುಗರ್‌ನಿಂದ ರಕ್ತನಾಳ ಸೋರಿ ಕಣ್ಣಿನ ಪರದೆಯ ನಡುಭಾಗಕ್ಕೆ ನೀರು ತುಂಬಿದೆ, ಊತದಿಂದ ಅದರ ದಪ್ಪ 498 ಮೈಕ್ರಾನ್ ಆಗಿದೆ ಅಂದರು. ಆ ದಪ್ಪ ಸಾಮಾನ್ಯವಾಗಿ 250ರ ಆಸುಪಾಸು ಇರಬೇಕಂತೆ. ತಿಂಗಳಿಗೊಂದು ಇಂಜೆಕ್ಷನ್ ಶುರುವಾಯಿತು. ರಕ್ತನಾಳ ಸೋರುವಂತೆ ಮಾಡುವ ವಿಇಜಿಎಫ್ ಅನ್ನುವ ಪದಾರ್ಥವನ್ನು ತಡೆಯುವ ಔಷಧಿ ಅದು. ಮೊದಲು ರಾನಿಬಿಜುಮ್ಯಾಬ್ ಐದು, ಆಮೇಲೆ ಬದಲಾಯಿಸಿ ಅಫ್ಲಿಬರ್ಸೆಪ್ಟ್ ಮೂರು.

ಈ ಔಷಧಿಗಳನ್ನು ನಾನು ಬೈಯುವುದಿಲ್ಲ. ನನ್ನ ಜೊತೆ ಶುರು ಮಾಡಿದ ಹರಿಹರದ ಮೇಷ್ಟ್ರೊಬ್ಬರಿಗೆ ನಾಲ್ಕರಲ್ಲೇ ಊತ ಇಳಿಯಿತು. ನನಗೆ ಹಾಗಾಗಲಿಲ್ಲ. ಹಾಕಿಸಿಕೊಂಡ ಎರಡು ವಾರ ಚೆನ್ನಾಗಿರುತ್ತಿತ್ತು, ಮೂರನೇ ವಾರ ಮತ್ತೆ ಮಂಜು. 498 ಇದ್ದದ್ದು 430 ಆಯಿತು, ಮುಂದಿನ ಸಲ ಹೋದರೆ ಮತ್ತೆ 470. ಸೂಜಿಯ ನೋವು ಅಷ್ಟೇನಿಲ್ಲ, ಮರಗಟ್ಟಿಸುವ ಹನಿ ಹಾಕುತ್ತಾರೆ. ಕಷ್ಟ ಅಂದರೆ ಕಣ್ಣು ತೊಳೆಯುವ ಅಯೋಡಿನ್. ಆ ರಾತ್ರಿ ಕಣ್ಣಿಗೆ ಬ್ಯಾಡಗಿ ಮೆಣಸಿನಪುಡಿ ಬಿದ್ದ ಹಾಗಿರುತ್ತದೆ. ಪ್ರತಿ ಸಲ ಮಗ ರಜೆ ಹಾಕಬೇಕು, ನಾನು ಎರಡು ದಿನ ಅಂಗಡಿ ಮುಚ್ಚಬೇಕು.

ಎಂಟನೆಯದು ಆದ ಮೇಲೆ ಡಾಕ್ಟರ್ ಓಜುರ್ಡೆಕ್ಸ್ ಅನ್ನುವ, ಕಣ್ಣೊಳಗೆ ಇಡುವ ಸ್ಟಿರಾಯ್ಡ್ ಇಂಪ್ಲಾಂಟ್ ಮಾತು ಎತ್ತಿದರು. ಕೆಲವರ ಊತದಲ್ಲಿ ವಿಇಜಿಎಫ್ ಒಂದೇ ಕಾರಣ ಅಲ್ಲ, ಉರಿಯೂತವೂ ಇರುತ್ತದೆ, ಅದಕ್ಕೆ ಸ್ಟಿರಾಯ್ಡ್ ಬೇಕಾಗುತ್ತದೆ ಅಂದರು. ಸ್ಟಿರಾಯ್ಡ್ ಅಂದ ಕೂಡಲೇ ನನಗೆ ಶುಗರ್ ಏರುತ್ತದೆ ಅನ್ನೋ ಭಯ. ಇದರಲ್ಲಿರುವುದು 0.7 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಅದೂ ಕಣ್ಣೊಳಗೇ ನಿಧಾನವಾಗಿ ಬಿಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ ಅಂತ ವಿವರಿಸಿದರು. ನನ್ನ ಶುಗರ್ ಏರಲೂ ಇಲ್ಲ.

ಖಾಲಿ ನಮೂನೆಯೊಂದನ್ನು ಕೈಗೆ ಕೊಟ್ಟು ತೋರಿಸಿದರು. ಉದ್ದ 6 ಮಿಲಿಮೀಟರ್, ಒಂದು ಜೀರಿಗೆಯಷ್ಟು. ದಪ್ಪ ಅರ್ಧ ಮಿಲಿಮೀಟರೂ ಇಲ್ಲ. ಬೆರಳ ತುದಿಯಲ್ಲಿ ಇಟ್ಟುಕೊಂಡರೆ ಕತ್ತರಿಸಿ ಉಳಿದ ಬಿಳಿ ದಾರದ ತುಂಡಿನ ಹಾಗಿತ್ತು. ಆಪರೇಷನ್‌ನಲ್ಲಿ ಹಾಕುವ ಕರಗುವ ಹೊಲಿಗೆ ದಾರ ಗೊತ್ತಲ್ವಾ, ಇದರ ಪ್ಲಾಸ್ಟಿಕ್ ಕೂಡ ಅದೇ ಜಾತಿಯದಂತೆ. ಔಷಧಿ ಬಿಡುತ್ತಾ ಬಿಡುತ್ತಾ ತಾನೇ ಕರಗಿ ಹೋಗುತ್ತದೆ, ತೆಗೆಯಲು ಮತ್ತೆ ಆಪರೇಷನ್ ಬೇಡ. ದಾರದ ಮಾತು ಬಂದ ಮೇಲೆ ನನಗೆ ಧೈರ್ಯ ಬಂತು.

ಹಾಕುವ ದಿನ ಎಲ್ಲ ಹಳೇ ಕ್ರಮವೇ. ಸೂಜಿ ಮಾತ್ರ ಇಂಜೆಕ್ಷನ್‌ದಕ್ಕಿಂತ ದಪ್ಪ, 22 ಗೇಜ್. ಕಣ್ಣಿನ ಮೇಲೆ ಒಂದು ಒತ್ತು, ಆಮೇಲೆ ಪೆನ್ನಿನ ಗುಂಡಿ ಒತ್ತಿದ ಹಾಗೆ ‘ಟಕ್’ ಅಂತ ಸದ್ದು. ಮುಗಿಯಿತು. ಮೊದಲ ಕೆಲವು ದಿನ ಕಣ್ಣು ಆಡಿಸಿದರೆ ಕೆಳಗಡೆ ಒಂದು ಕಡ್ಡಿ ಕಪ್ಪಗೆ ಸರಿದಾಡುತ್ತಿತ್ತು. ಬಾಗಿ ಬಟ್ಟೆ ಕತ್ತರಿಸುವಾಗ ಜಾಸ್ತಿ ಕಾಣುತ್ತಿತ್ತು.

ಎರಡನೇ ವಾರ ಕೈಹೊಲಿಗೆಗೆ ಕೂತಿದ್ದೆ. ರೇಷ್ಮೆ ಬ್ಲೌಸ್, ಮೆರೂನ್ ಬಟ್ಟೆ, ಮೆರೂನ್ ದಾರ. ಹುಕ್ಕಿನ ಪಟ್ಟಿಗೆ ಹಾಕುವ ಹೊಲಿಗೆ ಒಂದು ವರ್ಷದಿಂದ ಬೆರಳಿನಲ್ಲಿ ತಡವಿ ಅಂದಾಜಿನ ಮೇಲೆ ಹಾಕುತ್ತಿದ್ದೆ. ಅವತ್ತು ಹೊಲಿಗೆ ಒಂದೊಂದೂ ಬೇರೆ ಬೇರೆಯಾಗಿ ಕಂಡಿತು. ಸೊಸೆಯನ್ನು ಕೂಗಿ ಕರೆದೆ. ಏನೂ ಹೇಳಲಾಗದೆ ಬ್ಲೌಸ್ ಅವಳ ಕೈಗೆ ಕೊಟ್ಟುಬಿಟ್ಟೆ. ಮುಂದಿನ ಸ್ಕ್ಯಾನ್‌ನಲ್ಲಿ ಊತ 281. ಬೋರ್ಡಿನಲ್ಲಿ 6/36ರ ಸಾಲಿಗೆ ನಿಲ್ಲುತ್ತಿದ್ದವಳು ಅದಕ್ಕಿಂತ ಸಣ್ಣ ಅಕ್ಷರದ 6/12 ಸಾಲು ಓದಿದೆ.

ಇನ್ನು ಎಲ್ಲರೂ ಗಮನವಿಟ್ಟು ಓದಬೇಕಾದ ಮಾತು. ನನಗೆ ಇಂಪ್ಲಾಂಟ್ ಹಾಕಿದ ಆಸ್ಪತ್ರೆಯವರು ಚೀಟಿಯಲ್ಲಿ ‘ಮೂರು ತಿಂಗಳ ನಂತರ ಬನ್ನಿ’ ಅಂತ ಬರೆದು ಕಳಿಸಿದರು. ಕಣ್ಣಿನ ಪ್ರೆಶರ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಚಿತ್ರದುರ್ಗದಲ್ಲಿರುವ ನನ್ನ ನಾದಿನಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ ಇದೆ. ಸ್ಟಿರಾಯ್ಡ್ ಹೆಸರು ಕೇಳಿದ್ದೇ ತಡ, ‘ಪ್ರೆಶರ್ ನೋಡಿಸಿದೆಯಾ ಇಲ್ವಾ’ ಅಂತ ಫೋನಿನಲ್ಲೇ ಗದರಿದಳು. ಎಂಟನೇ ವಾರ ಹೋಗಿ ನೋಡಿಸಿದರೆ 31. ಇಪ್ಪತ್ತೊಂದರ ಒಳಗಿರಬೇಕು. ನನಗೆ ನೋವಿರಲಿಲ್ಲ, ಕಣ್ಣು ಕೆಂಪಾಗಿರಲಿಲ್ಲ, ದೃಷ್ಟಿ ಎಂದಿಗಿಂತ ಚೆನ್ನಾಗಿತ್ತು. ಆದರೆ ಒಳಗೆ ಆ ಒತ್ತಡ ಹಾಗೇ ಮುಂದುವರಿದರೆ ಕಣ್ಣಿನ ನರ ಸಾಯುತ್ತದೆ, ಸತ್ತ ನರ ತಿರುಗಿ ಬರುವುದಿಲ್ಲ. ಆ ದಿನ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಈ ಔಷಧಿಯಲ್ಲಿ ಪ್ರೆಶರ್ ಏರಿದರೆ ಸಾಮಾನ್ಯವಾಗಿ ಆರರಿಂದ ಎಂಟನೇ ವಾರದ ಹೊತ್ತಿಗೇ ಹೆಚ್ಚು ಏರುತ್ತದೆ. ಅದು ಗೊತ್ತಿದ್ದೂ ಮೂರು ತಿಂಗಳು ಅಂತ ಹೇಗೆ ಬರೆಯುತ್ತಾರೆ? ಚೀಟಿ ಬರೆದವರಿಗೆ ಅದು ಒಂದು ಸಾಲು. ನನಗೆ ಅದು ಹೊಟ್ಟೆಪಾಡಿನ ಕಣ್ಣು.

ಆಸ್ತಮಾ ಇದೆಯಾ ಅಂತ ಕೇಳಿ, ಇಲ್ಲ ಅಂದ ಮೇಲೆ ಪ್ರೆಶರ್ ಇಳಿಸುವ ಟಿಮೊಲಾಲ್ ಹನಿ ಕೊಟ್ಟರು. ದಿನಕ್ಕೆ ಎರಡು ಸಲ. ಎರಡು ವಾರದಲ್ಲಿ 17ಕ್ಕೆ ಇಳಿಯಿತು.

ನನಗೆ ಪೊರೆ ಆಪರೇಷನ್ ಮೊದಲೇ ಆಗಿ ಲೆನ್ಸ್ ಕೂತಿದೆ, ಆ ಚಿಂತೆ ಇರಲಿಲ್ಲ. ಸ್ವಂತ ಲೆನ್ಸ್ ಇರುವವರಿಗೆ ಇದರಿಂದ ಪೊರೆ ಬೇಗ ಬರುವ ಸಾಧ್ಯತೆ ಹೆಚ್ಚು. ಪೊರೆ ಆಪರೇಷನ್‌ನಲ್ಲಿ ಲೆನ್ಸಿನ ಹಿಂದಿನ ಚೀಲ ಹರಿದಿದ್ದರೆ ಇಂಪ್ಲಾಂಟ್ ಜಾರಿ ಕಣ್ಣಿನ ಮುಂಭಾಗಕ್ಕೆ ಬರಬಹುದು, ಆದ್ದರಿಂದ ಹಳೇ ಆಪರೇಷನ್ ಕಾಗದ ತೆಗೆದುಕೊಂಡು ಹೋಗಿ ತೋರಿಸಿ. ಗ್ಲಾಕೋಮಾ ಮುಂದುವರಿದವರಿಗೆ, ಕಣ್ಣಿನಲ್ಲಿ ಸೋಂಕು ಇರುವವರಿಗೆ ಇದನ್ನು ಹಾಕುವುದಿಲ್ಲ.

ದುಡ್ಡಿನ ವಿಷಯ. ದುಬಾರಿ. ನನ್ನ ಮಗನ ಒಂದು ತಿಂಗಳ ಸಂಬಳದ ಹತ್ತಿರ ಹೋಯಿತು. ಆದರೆ ನಾಲ್ಕು ತಿಂಗಳಲ್ಲಿ ನಾಲ್ಕು ಇಂಜೆಕ್ಷನ್, ನಾಲ್ಕು ರಜೆ, ಎಂಟು ದಿನ ಅಂಗಡಿ ಬಾಗಿಲು ಹಾಕುವುದು, ಇಷ್ಟೆಲ್ಲ ಕೂಡಿಸಿದರೆ ನನ್ನ ಲೆಕ್ಕಕ್ಕೆ ಹೆಚ್ಚು ಕಡಿಮೆ ಸಮ ಬರುತ್ತದೆ. ಆರು ತಿಂಗಳು ಬರುತ್ತದೆ ಅಂತ ಕೇಳಿದ್ದೆ, ನನಗೆ ಬಂದದ್ದು ನಾಲ್ಕೂವರೆ. ಐದನೇ ತಿಂಗಳ ಶುರುವಿಗೆ ಇಂಚುಪಟ್ಟಿ ಮತ್ತೆ ಸಣ್ಣಗೆ ಬಾಗಿತು. ಅವತ್ತೇ ಫೋನ್ ಮಾಡಿದೆ.

ಎರಡನೆಯದು ಹಾಕಿಸಿ ಈಗ ಐದು ವಾರ. ಈ ಸಲ ಚೀಟಿ ಕೈಗೆ ಬಂದ ಕೂಡಲೇ ಕೌಂಟರ್‌ನಲ್ಲೇ ನಿಂತು ಓದಿದೆ. ಪ್ರೆಶರ್ ನೋಡುವ ದಿನಾಂಕ ಬರೆಸಿಕೊಂಡೇ ಹೊರಗೆ ಬಂದೆ. ಬರುವ ಗುರುವಾರ ಹೋಗಬೇಕು. ಟಿಮೊಲಾಲ್ ಬಾಟಲಿ ಮೆಷಿನ್ ಡ್ರಾಯರ್‌ನಲ್ಲಿ ಬಾಬಿನ್ ಡಬ್ಬಿಯ ಪಕ್ಕದಲ್ಲೇ ಇದೆ, ಬೆಳಿಗ್ಗೆ ಮೆಷಿನ್ ಮುಂದೆ ಕೂರುವ ಮೊದಲು ಒಂದು ಹನಿ, ರಾತ್ರಿ ದೀಪ ಆರಿಸುವ ಮೊದಲು ಒಂದು ಹನಿ.