ಕಳೆದುಹೋದ ಗಂಡು ಪದಗಳನ್ನು ತೋರಿಸಿದ ನಿಘಂಟು

ಮಕ್ಕಳ ಕಥೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಒಂದು ಕಥೆಯಲ್ಲಿ ಮರಿಗಳ ಜೊತೆ ‘ವಿಕ್ಸನ್’ ಬಂತು. ಹೆಣ್ಣು ನರಿ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಗಂಡು ‘ಫಾಕ್ಸ್’ ಆದರೆ ಹೆಣ್ಣಿಗೆ ‘ವ’ ಎಲ್ಲಿಂದ ಬಂತು? ಅದನ್ನು ಹುಡುಕುತ್ತಾ ಎಟಿಮಾನ್‌ಲೈನ್‌ಗೆ ಹೋದವಳು ಆವತ್ತು ಅನುವಾದಕ್ಕೆ ವಾಪಸ್ ಬರಲೇ ಇಲ್ಲ.

ಇದು ಡಗ್ಲಸ್ ಹಾರ್ಪರ್ ಕಟ್ಟಿದ ಆನ್‌ಲೈನ್ ನಿಘಂಟು. ಇಂಗ್ಲಿಷ್ ಪದಗಳು ಹುಟ್ಟಿದ ಬಗೆಯನ್ನು ಹೇಳುತ್ತದೆ. ವೆಬ್‌ಸೈಟ್ ನೋಡಲು ದುಡ್ಡು ಕೊಡಬೇಕಿಲ್ಲ.

ವಿಕ್ಸನ್ ಒಗಟು ಎರಡೇ ನಿಮಿಷದಲ್ಲಿ ಬಿಡಿಸಿತು. ಹಳೆ ಇಂಗ್ಲಿಷಿನಲ್ಲಿ ಪದದ ಕೊನೆಗೆ ‘ಎನ್’ ಹಚ್ಚಿ ಹೆಣ್ಣನ್ನು ಸೂಚಿಸುವ ರೂಢಿ ಇತ್ತು. ಇಂಗ್ಲೆಂಡಿನ ದಕ್ಷಿಣದ ಜನ ಮೊದಲ ‘ಫ’ವನ್ನು ‘ವ’ ಅಂತ ನುಡಿಯುತ್ತಿದ್ದರು. ಹಾಗಾಗಿ ‘ಫಿಕ್ಸನ್’ ಹೋಗಿ ‘ವಿಕ್ಸನ್’ ಉಳಿಯಿತು. ‘ವ್ಯಾಟ್’ (ದೊಡ್ಡ ತೊಟ್ಟಿ), ‘ವೇನ್’ (ಗಾಳಿಯ ದಿಕ್ಕು ತೋರಿಸುವ ಫಲಕ) ಪದಗಳ ‘ವ’ ಕೂಡ ಅಲ್ಲಿಯದೇ.

ಅಲ್ಲಿಂದ ‘ಹೆನ್’ಗೆ ಹೋದೆ. ಹಳೆ ಇಂಗ್ಲಿಷಿನಲ್ಲಿ ಹುಂಜಕ್ಕೆ ‘ಹನ’ ಅನ್ನುತ್ತಿದ್ದರು. ಹಾಡುವವನು ಅಂತ ಅರ್ಥ. ಬೆಳಗಾಗುವಾಗ ಕೂಗುವ ಹಕ್ಕಿಗೆ ಎಷ್ಟು ಒಪ್ಪುವ ಹೆಸರು, ಅಲ್ವಾ! ಹನನ ಜೋಡಿ ಹೆನ್. ಹಾಡುವವನ ಹೆಸರು ಮರೆಯಾಯಿತು, ಹೇಂಟೆಯದು ಉಳಿಯಿತು.

ಮನುಷ್ಯರಲ್ಲೂ ಇದೇ ಕಥೆ. ‘ಮ್ಯಾನ್’ ಅಂದರೆ ಆಗ ಗಂಡಸಲ್ಲ, ಯಾವುದೇ ಮನುಷ್ಯ. ಗಂಡಸಿಗೆ ‘ವೆರ್’, ಹೆಂಗಸಿಗೆ ‘ವೀಫ್’. ವೀಫ್ ಮತ್ತು ಮ್ಯಾನ್ ಕೂಡಿ ‘ವುಮನ್’ ಆಯಿತು. ಗಂಡಸಿನಿಂದ ಹೆಣ್ಣಿನ ಪದ ಹುಟ್ಟಿತು ಅಂತ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ! ಆ ವೆರ್ ಈಗ ‘ವೆರ್‌ವುಲ್ಫ್’ ಒಳಗೆ ಕಾಣುತ್ತಾನೆ, ಅಂದರೆ ಮನುಷ್ಯತೋಳ. ಅವನ ಬೇರಿನ ಕೊಂಡಿ ಒತ್ತಿದರೆ ಸಂಸ್ಕೃತದ ‘ವೀರ’ ಎದುರಾದ. ಸುಮ್ನೆ ಪರದೆ ನೋಡುತ್ತಾ ಕೂತುಬಿಟ್ಟೆ. ನಾವು ದಿನಾ ಆಡುವ ಪದಕ್ಕೆ ಅಷ್ಟು ದೂರದಲ್ಲಿ ಒಬ್ಬ ದಾಯಾದಿ!

ನನಗೆ ತುಂಬಾ ಹಿಡಿಸಿದ್ದು ‘ಬ್ರೈಡ್‌ಗ್ರೂಮ್’. ಮೂಲದಲ್ಲಿ ಅದು ‘ಬ್ರೈಡ್’ ಮತ್ತು ‘ಗುಮ’. ಗುಮ ಅಂದರೂ ಗಂಡಸೇ. ಮಣ್ಣು ಅನ್ನುವ ಅರ್ಥದ ಬೇರಿನಿಂದ ಬಂದ ಪದ. ಜನ ಗುಮನನ್ನು ಮರೆತರು. 16ನೇ ಶತಮಾನದ ಹೊತ್ತಿಗೆ ಆ ಜಾಗಕ್ಕೆ, ಹುಡುಗ, ಆಳು ಅನ್ನುವ ಅರ್ಥದ ‘ಗ್ರೂಮ್’ ಬಂದು ಕೂತಿತು. ಮದುಮಗನ ಹೆಸರಿನಲ್ಲಿ ಗೊತ್ತೇ ಆಗದ ಹಾಗೆ ಪದ ಬದಲಾಗಿದೆ.

ವಿವರಣೆಗಳು ಚಿಕ್ಕವು, ಒಣ ಅಲ್ಲ. ಒಂದು ಪದದಿಂದ ಇನ್ನೊಂದಕ್ಕೆ ದಾರಿ ಇರುವುದೇ ಇದರ ದೊಡ್ಡ ಗುಣ. ಆದರೆ ಇದು ಇಂದಿನ ಇಂಗ್ಲಿಷ್ ಪದದಿಂದ ಹಿಂದಕ್ಕೆ ಹೋಗುವ ನಿಘಂಟು. ಹಳೆ ಪದ ಆಗ ವಾಕ್ಯದಲ್ಲಿ ಹೇಗೆ ಬರುತ್ತಿತ್ತು ಅಂತ ಜಾಸ್ತಿ ನೋಡಬೇಕೆಂದರೆ ಬಾಸ್‌ವರ್ತ್ ಮತ್ತು ಟಾಲರ್ ಅವರ ಹಳೆ ಇಂಗ್ಲಿಷ್ ನಿಘಂಟು ಬೇಕು. ಅದೂ ಆನ್‌ಲೈನ್‌ನಲ್ಲಿದೆ. ನಾನು ಎರಡನ್ನೂ ಅಕ್ಕಪಕ್ಕ ತೆರೆದಿಟ್ಟುಕೊಳ್ಳುತ್ತೇನೆ.

ಮೊದಲ ಸಲ ಹೋಗುವವರು ‘ವಿಡೋ’ ಹುಡುಕಿ. ಹೆಂಡತಿ ಕಳೆದುಕೊಂಡವನ ‘ವಿಡೋಯರ್’ ಅದರಿಂದ ಆಮೇಲೆ ಆದದ್ದು. ಹಾಗೇ ಅದರ ದಾಯಾದಿಯಾಗಿ ಸಂಸ್ಕೃತದ ‘ವಿಧವೆ’ಯೂ ಸಿಗುತ್ತಾಳೆ.

ನನ್ನ ಕಥೆಯಲ್ಲಿ ಕೊನೆಗೆ ‘ತಾಯಿನರಿ’ ಅಂತ ಬರೆದೆ. ಮರಿಗಳು ಪಕ್ಕದಲ್ಲೇ ಇದ್ದವಲ್ಲ.