ಮನೆಯಲ್ಲಿ ಎರಕ ಹೊಯ್ದ ಗುಂಡೋ, ಅಂಗಡಿಯ ಡಬ್ಬಿಯೋ?

ಏರ್ ರೈಫಲ್ ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಈ ಯೋಚನೆ ಬಂದೇ ಬರುತ್ತದೆ. ಅದರ ಗುಂಡು, ಪೆಲೆಟ್ ಅಂದರೆ ಒಂದು ಚೂರು ಸೀಸ, ಅಷ್ಟೇ. 327 ಡಿಗ್ರಿಗೆಲ್ಲ ಕರಗಿ ನೀರಾಗುತ್ತದೆ. ಡಬ್ಬಿ ಡಬ್ಬಿ ಯಾಕೆ ತರಬೇಕು, ನಾವೇ ಮಾಡಿಕೊಂಡರೆ ಆಯ್ತಲ್ವಾ? ಮಾಡಿಯೂ ನೋಡಿದೆ, ಹೊಡೆದೂ ನೋಡಿದೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಗುಂಡು ಮಾಡುವುದಕ್ಕಿಂತ, ತಂದ ಗುಂಡನ್ನು ಆರಿಸುವುದೇ ಲೇಸು.

ನನ್ನದು ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಸಾಧಾರಣ ರೈಫಲ್, ನಳಿಗೆಯ ಅಳತೆ .177 ಇಂಚು, ಅಂದರೆ 4.5 ಮಿ.ಮೀ. ಹಿತ್ತಿಲಲ್ಲಿ 10 ಮೀಟರ್ ದೂರಕ್ಕೆ ಕಾಗದದ ಗುರಿ. ಅದರ ಹಿಂದೆ ಹಳೇ ಬಟ್ಟೆ ತುರುಕಿದ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಕಬ್ಬಿಣದ ದಪ್ಪ ತಗಡು, ಆಮೇಲೆ ಗೋಡೆ. ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಹತ್ತಿರ ಬರುವ ಹಾಗಿಲ್ಲ. ಮರಳು ಚೀಲದ ಮೇಲೆ ಎಡಗೈ, ಎಡಗೈ ಮೇಲೆ ರೈಫಲ್. ಸ್ಪ್ರಿಂಗ್ ರೈಫಲ್ ಅನ್ನು ನೇರ ಚೀಲದ ಮೇಲಿಟ್ಟರೆ ಅದು ಹಾರಿ ಗುರಿ ತಪ್ಪಿಸುತ್ತದೆ. ಪ್ರತಿ ಬಗೆಯಲ್ಲೂ ಐದೈದು ಗುಂಡು ಹೊಡೆದು, ತೀರಾ ದೂರದ ಎರಡು ತೂತುಗಳ ನಡುವಿನ ಅಂತರ ಅಳೆದೆ.

ಮೊದಲು ಎರಕದ ಕಥೆ. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯನೊಬ್ಬ ಅಲ್ಯೂಮಿನಿಯಂನಲ್ಲಿ ಎರಡು ಹೋಳಿನ ಅಚ್ಚು ಕೊರೆದುಕೊಟ್ಟ. ಒಂದು ಕುಳಿ ದುಂಡು ಗುಂಡಿಗೆ, ಇನ್ನೊಂದು ನಡು ಸಣ್ಣಗಿರುವ ಪೆಲೆಟ್ ಆಕಾರಕ್ಕೆ. ಸೀಸಕ್ಕೆ ಮೀನಿನ ಬಲೆಗೆ ಕಟ್ಟುವ ಗುಂಡುಗಳನ್ನು ತಂದೆ. ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಆಲೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಅದರಲ್ಲಿ ಆಸಿಡ್ ಜೊತೆ ಆಂಟಿಮನಿ, ಆರ್ಸೆನಿಕ್ ಎಲ್ಲ ಇರುತ್ತವೆ, ಹೊಗೆ ವಿಷ. ಶುದ್ಧ ಸೀಸವೂ ಒಳ್ಳೆಯದೇನಲ್ಲ. ಬಯಲಲ್ಲೇ ಕರಗಿಸಬೇಕು, ಆ ಪಾತ್ರೆ ಮತ್ತೆ ಅಡುಗೆಮನೆಗೆ ಬರಬಾರದು, ಮಕ್ಕಳು ಸುತ್ತ ಸುಳಿಯಬಾರದು. ಕೈ ಸೋಪು ಹಾಕಿ ತೊಳೆಯದೆ ಕಾಫಿ ಲೋಟ ಮುಟ್ಟಬಾರದು. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಸಿಡಿದು ಮುಖಕ್ಕೇ ಎಗರುತ್ತದೆ.

ಅಚ್ಚಿನ ಒಳಗೆ ದೀಪದ ಮಸಿ ಹಿಡಿಸಬೇಕು, ಆಗ ಸೀಸ ಮೂಲೆ ಮೂಲೆಗೂ ಹರಿಯುತ್ತದೆ, ಅಂಟುವುದೂ ಇಲ್ಲ. ಅಚ್ಚು ತಣ್ಣಗಿದ್ದಾಗ ಬಂದ ಗುಂಡುಗಳೆಲ್ಲ ಸುಕ್ಕು ಸುಕ್ಕು. ಅವನ್ನು ಮತ್ತೆ ಪಾತ್ರೆಗೇ ಹಾಕುವುದು. ಅಚ್ಚು ಚೆನ್ನಾಗಿ ಕಾದಮೇಲೆ ಫಳಫಳ ಹೊಳೆಯುವ ಗುಂಡು ಉದುರತೊಡಗಿದವು. ನೋಡೋಕೆ ಏನು ಚೆಂದ ಅಂತೀರಿ!

ಚೆಂದ ನೋಡಿ ಮರುಳಾಗಬಾರದು. ಪೆಲೆಟ್‌ನ ಹಿಂಭಾಗ ತೆಳ್ಳಗೆ, ಟೊಳ್ಳಾಗಿ ಇರುತ್ತದೆ. ಗಾಳಿಯ ಒತ್ತಡಕ್ಕೆ ಆ ಭಾಗ, ಅಂದರೆ ಸ್ಕರ್ಟ್, ಅರಳಿ ನಳಿಗೆಯ ಸುರುಳಿ ಗೀರುಗಳನ್ನು ಗಟ್ಟಿಯಾಗಿ ಕಚ್ಚಬೇಕು. ಕೈ ಎರಕದಲ್ಲಿ ಅದು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಆಭರಣದ ತಕ್ಕಡಿಯಲ್ಲಿ ತೂಗಿದರೆ ಒಂದು 0.47 ಗ್ರಾಂ, ಪಕ್ಕದ್ದೇ 0.56. ಗುರಿಯಲ್ಲಿ ಐದು ತೂತು 45 ಮಿ.ಮೀ. ಚೆದುರಿದವು. ಒಂದು ತೂತಂತೂ ದುಂಡಗೇ ಇರಲಿಲ್ಲ, ಕಾಗದದಲ್ಲಿ ಉದ್ದುದ್ದಕ್ಕೆ ಪೆಲೆಟ್‌ನ ಅಡ್ಡ ಚಿತ್ರವೇ ಮೂಡಿತ್ತು. ಗಾಳಿಯಲ್ಲೇ ಲಗಾಟಿ ಹೊಡೆದುಕೊಂಡು ಹೋಗಿದೆ ಅಂತ ಅರ್ಥ.

ದುಂಡು ಗುಂಡು ಇದಕ್ಕಿಂತ ವಾಸಿ. 4.5 ಮಿ.ಮೀ. ಸೀಸದ ಗೋಲಿ ಲೆಕ್ಕಕ್ಕೆ 0.54 ಗ್ರಾಂ ಬರಬೇಕು, ಹೆಚ್ಚು ಕಡಿಮೆ ಅಷ್ಟೇ ಬಂತು. ಲಗಾಟಿ ಹೊಡೆಯುವ ಪ್ರಶ್ನೆಯೇ ಇಲ್ಲ. ಆದರೆ ಎರಕದ ಬಾಲ ಕತ್ತರಿಸಿದ ಕಡೆ ಚಪ್ಪಟೆ ಉಳಿಯುತ್ತದೆ, ಅದು ಪ್ರತಿ ಸಲ ಬೇರೆ ದಿಕ್ಕಿಗೆ ಕೂರುತ್ತದೆ. ಅಂತರ 30 ಮಿ.ಮೀ. ಆಸುಪಾಸು. ಸಡಿಲವಾದದ್ದನ್ನು ಹಾಕಲೇಬೇಡಿ. ಎದುರೊತ್ತು ಇಲ್ಲದೆ, ಸ್ಪ್ರಿಂಗ್ ತಳ್ಳುವ ಪಿಸ್ಟನ್ ಹೋಗಿ ಧಡ್ ಅಂತ ಅಪ್ಪಳಿಸುತ್ತದೆ, ಖಾಲಿ ಹೊಡೆದ ಹಾಗೇ ಲೆಕ್ಕ. ಸೈಕಲ್ ಬೇರಿಂಗ್ ಗುಂಡು, ಜೇಡಿಮಣ್ಣಿನ ಉಂಡೆ ಅಂತ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಉಕ್ಕು ನಳಿಗೆಯ ಗೀರು ಸವೆಸುತ್ತದೆ, ತಿರುಗಿ ನಿಮ್ಮ ಮೇಲೇ ಚಿಮ್ಮುತ್ತದೆ. ಮಣ್ಣು ಪುಡಿಯಾಗಿ ನಳಿಗೆಯನ್ನು ಉಜ್ಜುತ್ತದೆ.

ಇನ್ನು ಅಂಗಡಿಯವು. ಸ್ಪರ್ಧೆಗೆ ಬಳಸುವ ಹೊರದೇಶದ ಚಪ್ಪಟೆ ಮೂತಿಯದ್ದು 0.53 ಗ್ರಾಂ, ಡಬ್ಬಿ ಪೂರ್ತಿ ಹೆಚ್ಚು ಕಡಿಮೆ ಒಂದೇ ತೂಕ. 10 ಮಿ.ಮೀ. ಒಳಗೆ ಐದೂ ಬಿದ್ದವು, ಹುಣಸೆ ಬೀಜ ಇಟ್ಟರೆ ಮುಚ್ಚಿಹೋಗುತ್ತದೆ. ಚಪ್ಪಟೆ ಮೂತಿ ಕಾಗದವನ್ನು ಪಂಚ್ ಮಾಡಿದ ಹಾಗೆ ಕತ್ತರಿಸುವುದರಿಂದ ಅಂಕ ಎಣಿಸುವುದೂ ಸಲೀಸು. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ಇರುತ್ತದೆ, ಅಲ್ಲಿ ಹರಿದ ತೂತು ಜಗಳಕ್ಕೆ ದಾರಿ. ದುಂಡು ತಲೆಯದ್ದು ದೂರಕ್ಕೆ ಒಳ್ಳೆಯದು, ನನ್ನ ಹಿತ್ತಿಲಿಗೆ ಬೇಡ. ಚೂಪು ಮೂತಿಯದ್ದು ನೋಡೋಕಷ್ಟೇ.

ನಿಜವಾಗಿ ಖುಷಿ ಕೊಟ್ಟದ್ದು ಇಲ್ಲಿಯದೇ ಅಗ್ಗದ ಡಬ್ಬಿ. ಹಾಗೇ ಹೊಡೆದರೆ 22 ಮಿ.ಮೀ. ಅದೇ ಡಬ್ಬಿಯನ್ನು ಒಂದು ಸಂಜೆ ಕೂತು ಆರಿಸಿದೆ. ಗಾಜಿನ ಹಲಗೆಯನ್ನು ಸ್ವಲ್ಪ ಓರೆಯಾಗಿ ಇಟ್ಟು, ಒಂದೇ ಜಾಗದಿಂದ ಒಂದೊಂದೇ ಪೆಲೆಟ್ ಉರುಳಿಸುವುದು. ತಲೆಗಿಂತ ಸ್ಕರ್ಟ್ ಅಗಲ ಇರುವುದರಿಂದ ಅದು ನೆಟ್ಟಗೆ ಹೋಗದೆ ಬಾಗಿ ಸುತ್ತಿಕೊಂಡು ಇಳಿಯುತ್ತದೆ. ಸರಿಯಿದ್ದವೆಲ್ಲ ಹೆಚ್ಚು ಕಡಿಮೆ ಒಂದೇ ಕಡೆ ಬಂದು ಗುಡ್ಡೆಯಾಗುತ್ತವೆ. ಸ್ಕರ್ಟ್ ನಜ್ಜಾದವು ಬೇರೆ ದಾರಿ ಹಿಡಿಯುತ್ತವೆ. ಗುಡ್ಡೆಯಲ್ಲಿ ಬಿದ್ದವನ್ನು ಮಾತ್ರ ತೂಗಿ, ಒಂದೇ ತೂಕದವನ್ನು ಹೊಡೆದರೆ ಅಂತರ 13 ಮಿ.ಮೀ.ಗೆ ಇಳಿಯಿತು. ಇದಕ್ಕೆ ಒಲೆ, ಹೊಗೆ, ಅಚ್ಚು ಏನೂ ಬೇಡ.

ಹಾಗಾಗಿ ದಿನದ ಅಭ್ಯಾಸಕ್ಕೆ ಆರಿಸಿದ ಅಗ್ಗದ್ದು, ಅಂಕ ಬರೆದಿಡುವ ದಿನ ಹೊರದೇಶದ್ದು. ಪೆಲೆಟ್ ಕುಳಿಯ ಆಸೆ ಬಿಟ್ಟಿದ್ದೇನೆ. ದುಂಡು ಗುಂಡನ್ನು ಮಾತ್ರ ಆಗಾಗ ಎರಕ ಹೊಯ್ಯುತ್ತೇನೆ, ಹಗ್ಗಕ್ಕೆ ಕಟ್ಟಿದ ಖಾಲಿ ಡಬ್ಬ ಅಲ್ಲಾಡಿಸೋಕೆ ಅದು ಧಾರಾಳ ಸಾಕು.